ಏಪ್ರಿಲ್ ಬಿಸಿಲಿನಲ್ಲಿ ಆಲಿಕಲ್ಲು

ನೀರು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ ಎಂದು ಶಾಲೆಯಲ್ಲಿ ಕಲಿತ ಮಾತು ಅರ್ಧ ಮಾತ್ರ ನಿಜ. ಸೊನ್ನೆ ಡಿಗ್ರಿಗೆ ಮಂಜುಗಡ್ಡೆ ತಪ್ಪದೆ ಕರಗುತ್ತದೆ. ಆದರೆ ಶುದ್ಧ ನೀರಿನ ಸಣ್ಣ ಹನಿ −35 ಡಿಗ್ರಿಯವರೆಗೂ ನೀರಾಗಿಯೇ ಉಳಿಯಬಲ್ಲದು. ತಾಪಮಾಪಕಕ್ಕೆ ಹೆಸರಾದ ಫ್ಯಾರನ್‌ಹೀಟ್ ಇದನ್ನು 1724ರಷ್ಟು ಹಿಂದೆಯೇ ಬರೆದಿದ್ದ. ವಿಜಯಪುರ ಜಿಲ್ಲೆಯ ದ್ರಾಕ್ಷಿ ತೋಟಗಳ ಮೇಲೆ ಬೀಳುವ ಆಲಿಕಲ್ಲು ಅರ್ಥವಾಗಬೇಕಾದರೆ ಈ ಸಂಗತಿಯಿಂದಲೇ ಹೊರಡಬೇಕು.

ನೀರಿನ ಅಣುಗಳು ಸದಾ ಚಲಿಸುತ್ತಿರುತ್ತವೆ. ತಂಪಾದಾಗ ಅವುಗಳಲ್ಲಿ ಕೆಲವು ಆಕಸ್ಮಿಕವಾಗಿ ಮಂಜಿನ ಷಟ್ಕೋನ ಜೋಡಣೆಗೆ ಬರುತ್ತವೆ. ಆದರೆ ಇಂಥ ಗುಂಪು ತೀರ ಚಿಕ್ಕದಾಗಿದ್ದರೆ, ಒಳಗಿನ ಜೋಡಣೆಯಿಂದ ಉಳಿಯುವ ಶಕ್ತಿಗಿಂತ ಹೊರಮೈಯನ್ನು ಕಟ್ಟಿಕೊಳ್ಳಲು ತಗಲುವ ಶಕ್ತಿಯೇ ಹೆಚ್ಚಾಗಿ, ಗುಂಪು ಮತ್ತೆ ಚದುರಿಹೋಗುತ್ತದೆ. ಒಂದು ನಿರ್ದಿಷ್ಟ ಗಾತ್ರವನ್ನು ದಾಟಿದ ಗುಂಪು ಮಾತ್ರ ಹರಳಿನ ಬೀಜವಾಗಿ ಬೆಳೆಯುತ್ತದೆ. ಜೇಡಿಮಣ್ಣಿನ ಧೂಳಿನ ಕಣ ಸಿಕ್ಕರೆ ಅದರ ಮೈಯೇ ಆಸರೆಯಾಗಿ ಕೆಲಸ ಸುಲಭವಾಗುತ್ತದೆ. ಗಿಡಗಳ ಎಲೆಯ ಮೇಲೆ ವಾಸಿಸುವ ಸ್ಯೂಡೋಮೋನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯಾ −2 ಡಿಗ್ರಿಯ ಸುಮಾರಿಗೇ ನೀರನ್ನು ಹೆಪ್ಪುಗಟ್ಟಿಸಬಲ್ಲದು ಎಂಬುದು ನನಗೆ ಇಂದಿಗೂ ಬೆರಗಿನ ವಿಷಯ.

"ಇಷ್ಟ ಬಿಸಲಾಗ ಈ ಬರ್ಫ ಎಲ್ಲಿಂದ ಬಂತಪಾ?" ಎಂದು ದ್ರಾಕ್ಷಿ ಬೆಳೆಯುವ ನಮ್ಮ ಕಾಕಾ ಕೇಳಿದ್ದರು. ಆ ಬಿಸಿಲೇ ಅದನ್ನು ತಂದಿತು. ಕಾದ ನೆಲದಿಂದ ಮೇಲೇಳುವ ಗಾಳಿ ತೇವವನ್ನು ಹೊತ್ತು ಐದಾರು ಕಿಲೋಮೀಟರ್‌ಗಿಂತ ಮೇಲಕ್ಕೆ ಒಯ್ಯುತ್ತದೆ. ಅಲ್ಲಿ ಉಷ್ಣತೆ ಸೊನ್ನೆಗಿಂತ ಕೆಳಗಿದ್ದರೂ, ಬೀಜ ಸಿಗದ ಅಸಂಖ್ಯ ಹನಿಗಳು ನೀರಾಗಿಯೇ ತೇಲುತ್ತಿರುತ್ತವೆ. ಹೇಗೋ ಹುಟ್ಟಿಕೊಂಡ ಒಂದು ಮಂಜಿನ ಕಾಳು ಅವುಗಳ ನಡುವೆ ಹಾಯುವಾಗ, ತಗಲಿದ ಹನಿಗಳು ಅದರ ಮೈಗೆ ಅಂಟಿ ಗಟ್ಟಿಯಾಗುತ್ತವೆ.

ದೊಡ್ಡ ಆಲಿಕಲ್ಲೊಂದನ್ನು ನಡುವೆ ಸೀಳಿ ನೋಡಿದರೆ ಉಳ್ಳಾಗಡ್ಡಿಯಂತೆ ಪದರಗಳು ಕಾಣುತ್ತವೆ: ಒಂದು ಹಾಲಿನಂತೆ ಬೆಳ್ಳಗೆ, ಇನ್ನೊಂದು ಗಾಜಿನಂತೆ ತಿಳಿಯಾಗಿ. ಇದಕ್ಕೆ ಕಾರಣ ಗುಪ್ತೋಷ್ಣ. ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ ಸುಮಾರು 334 ಜೂಲ್ ಶಾಖವನ್ನು ಹೊರಬಿಡುತ್ತದೆ. ಅಷ್ಟೇ ನೀರನ್ನು ಸೊನ್ನೆಯಿಂದ ಸುಮಾರು 80 ಡಿಗ್ರಿಗೆ ಕಾಯಿಸಲು ಅದು ಸಾಕು. ಹಾಗಾಗಿ −20 ಡಿಗ್ರಿಯ ಹನಿಯಲ್ಲಿ ಕಾಲುಭಾಗ ಗಟ್ಟಿಯಾಗುವಷ್ಟರಲ್ಲಿ ಇಡೀ ಹನಿ ಸೊನ್ನೆ ಡಿಗ್ರಿಗೆ ಏರಿಬಿಡುತ್ತದೆ, ಮತ್ತು ಉಳಿದ ಮುಕ್ಕಾಲು ಭಾಗ ಹೆಪ್ಪುಗಟ್ಟಬೇಕಾದರೆ ಆ ಶಾಖ ಸುತ್ತಲಿನ ಗಾಳಿಗೆ ಹೋಗಲೇಬೇಕು. ಹನಿಗಳು ವಿರಳವಾಗಿದ್ದು ಚಳಿ ತೀವ್ರವಾಗಿರುವಲ್ಲಿ ಶಾಖ ಬೇಗ ಹೋಗಿ, ಹನಿ ಬಡಿದಲ್ಲಿಯೇ ಗಟ್ಟಿಯಾಗಿ, ಗಾಳಿಗುಳ್ಳೆಗಳು ಒಳಗೇ ಸಿಕ್ಕಿಬೀಳುತ್ತವೆ. ಅದು ಬಿಳಿಯ ಪದರ. ನೀರು ದಟ್ಟವಾಗಿರುವಲ್ಲಿ ಕಲ್ಲಿನ ಮೈ ಒದ್ದೆಯಾಗಿಯೇ ಇದ್ದು, ನಿಧಾನವಾಗಿ ಗಟ್ಟಿಯಾಗುವಾಗ ಗುಳ್ಳೆಗಳು ತಪ್ಪಿಸಿಕೊಳ್ಳುತ್ತವೆ, ಅದು ತಿಳಿಪದರ. ಪದರಗಳನ್ನು ಎಣಿಸಿ, ಕಲ್ಲು ಅಷ್ಟು ಸಲ ಮೋಡದಲ್ಲಿ ಏರಿಳಿದಿದೆ ಎನ್ನುವ ಹಳೆಯ ವಿವರಣೆಯನ್ನು ನಾನು ಒಪ್ಪುವುದಿಲ್ಲ. ಒಂದೇ ಸುತ್ತಿನಲ್ಲಿ ಬೇರೆ ಬೇರೆ ಭಾಗಗಳನ್ನು ಹಾಯ್ದರೂ ಪದರಗಳು ಮೂಡುತ್ತವೆ.

ಮಂಜಿನ ಹರಳಿನ ಜೋಡಣೆಯನ್ನು ಹೋಲುವ ಸಿಲ್ವರ್ ಅಯೋಡೈಡ್ ಒಳ್ಳೆಯ ಬೀಜವಾಗುತ್ತದೆ ಎಂದು ಅಮೆರಿಕದ ವಿಜ್ಞಾನಿ ಬರ್ನಾರ್ಡ್ ವಾನಗಟ್ 1946ರಲ್ಲಿ ಕಂಡುಕೊಂಡರು. ಮೋಡದಲ್ಲಿ ಬೀಜಗಳನ್ನು ಹೆಚ್ಚಿಸಿದರೆ ಇರುವ ನೀರು ಹಂಚಿಹೋಗಿ ದೊಡ್ಡ ಕಲ್ಲುಗಳ ಬದಲು ಸಣ್ಣ ಕಾಳುಗಳಾಗುತ್ತವೆ ಎಂಬ ಆಲೋಚನೆಯಿಂದ ಹಲವು ದೇಶಗಳಲ್ಲಿ ಪ್ರಯೋಗಗಳು ನಡೆದಿವೆ. ಆದರೆ ಫಲಿತಾಂಶ ಖಚಿತವಾಗಿಲ್ಲ. ಗೊನೆಗಳು ಮಾಗಿ ಮಣೂಕ (ಒಣದ್ರಾಕ್ಷಿ) ಮಾಡುವ ಹೊತ್ತಿಗೆ ಎರಡು ಸೆಂಟಿಮೀಟರ್ ಅಗಲದ ಕಲ್ಲು ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ ಬಂದು ಬಡಿಯುವುದನ್ನು ತಡೆಯಲು, ಖರ್ಚು ಹೆಚ್ಚಾದರೂ, ತೋಟದ ಮೇಲೆ ಬಲೆ ಹಾಕುವುದನ್ನೇ ನಾನು ಕಾಕಾಗೆ ಹೇಳಿದ್ದೇನೆ.