13 ಯಾಕೆ ಕೊಟ್ಟೆ?

ಶನಿವಾರ ಅಕ್ಕನಿಗೆ ರಜೆ ಸಿಗಲಿಲ್ಲ. ಅವಳ ಮಗಳ ಸ್ಕೂಲಿನ ಪೇರೆಂಟ್ಸ್ ಮೀಟಿಂಗಿಗೆ ನಾನೇ ಹೋದೆ. ಹುಡುಗಿ ಹತ್ತನೇ ಕ್ಲಾಸು, ಐಸಿಎಸ್‌ಇ. ಬೇರೆ ಸಬ್ಜೆಕ್ಟುಗಳೆಲ್ಲ ಬೇಗ ಮುಗಿದವು. ಕಂಪ್ಯೂಟರ್ ಟೀಚರ್ ಮುಂದೆ ಕೂತಾಗ ಹುಡುಗಿ ಫೈಲ್ ತೆರೆದಳು. ಒಂದು ಸಂಖ್ಯೆ ಕೊಟ್ಟರೆ 1ರಿಂದ ಅಲ್ಲಿಯವರೆಗೆ ಎಲ್ಲವನ್ನೂ ಗುಣಿಸುವ ಫ್ಯಾಕ್ಟೋರಿಯಲ್ ಪ್ರೋಗ್ರಾಂ ಅದರಲ್ಲಿತ್ತು.

"ಮಿಸ್, ಫ್ಯಾಕ್ಟೋರಿಯಲ್ ಪ್ರೋಗ್ರಾಂಗೆ 13 ಕೊಟ್ಟರೆ ಉತ್ತರ ತಪ್ಪು ಬರ್ತಿದೆ."

"13 ಯಾಕೆ ಕೊಟ್ಟೆ? 5 ಕೊಡು, 120 ಬರುತ್ತೆ. ಪರೀಕ್ಷೆಗೆ ಅಷ್ಟು ಸಾಕು."

ಹಿಂದೆ ಇನ್ನೊಬ್ಬರು ಕಾಯುತ್ತಿದ್ದರು. ಎದ್ದು ಬಂದೆವು.

ಬಸ್ಸಿನಲ್ಲಿ ಕೇಳಿದೆ, "ಉತ್ತರ ತಪ್ಪು ಅಂತ ನಿನಗೆ ಹೇಗೆ ಗೊತ್ತಾಯ್ತು ಪುಟ್ಟಿ?"

"ಕೊನೆಯಲ್ಲಿ ಸೊನ್ನೆ ಇಲ್ಲ ಚಿಕ್ಕಮ್ಮ. 1ರಿಂದ 13ರವರೆಗೆ ಗುಣಿಸ್ತಾ ಹೋದ್ರೆ ಮಧ್ಯೆ 10 ಬರುತ್ತೆ ಅಲ್ವಾ? ಒಂದು ಸಲ ಬಂದ ಸೊನ್ನೆ ಆಮೇಲೆ ಎಲ್ಲಿಗೆ ಹೋಗುತ್ತೆ?"

ನನ್ನ ಮೈ ಜುಮ್ಮೆಂದಿತು. ಪರದೆಯ ಮೇಲೆ ಬಂದಿದ್ದ ಸಂಖ್ಯೆ 1932053504. ಕಂಪ್ಯೂಟರ್ ಹೇಳಿತು ಅಂತ ನಂಬದೆ ಕೊನೆಯ ಆ 4ನ್ನು ಹಿಡಿದವಳು ಹದಿನೈದು ವರ್ಷದ ಹುಡುಗಿ. ಅವಳಿಗೆ ಸಿಕ್ಕ ಉತ್ತರ "13 ಯಾಕೆ ಕೊಟ್ಟೆ?"

ರಾತ್ರಿ ಊಟ ಆದಮೇಲೆ ಇಬ್ಬರೂ ಬ್ಲೂಜೆ, ಅಂದರೆ ಅವಳು ಜಾವಾ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್, ತೆರೆದು ಕೂತೆವು. 12ರವರೆಗೆ ಎಲ್ಲ ಸರಿ. 13ಕ್ಕೆ ನಿಜವಾಗಿ ಬರಬೇಕಾದದ್ದು 6227020800, ಅಂದರೆ 622 ಕೋಟಿಗೂ ಮೇಲೆ. ಪೂರ್ಣಾಂಕ ಇಡಲು ಜಾವಾ ಕೊಡುವ ಜಾಗದ ಹೆಸರು ಇಂಟ್; ಅದರಲ್ಲಿರುವುದು 32 ಬಿಟ್, ಅಂದರೆ 0 ಅಥವಾ 1 ಹಿಡಿಯುವ 32 ಮನೆ. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2147483647, ಸುಮಾರು 214 ಕೋಟಿ. ಅದಕ್ಕಿಂತ ದೊಡ್ಡದು ಬಂದರೆ ಜಾವಾ ಗಲಾಟೆ ಮಾಡುವುದಿಲ್ಲ. 32 ಬಿಟ್‌ಗಳಲ್ಲಿ ಹಿಡಿಸದ್ದನ್ನು ಸುಮ್ನೆ ಬಿಟ್ಟುಬಿಡುತ್ತದೆ. 32 ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 4294967296. 6227020800ರಲ್ಲಿ ಅದನ್ನು ಕಳೆ ಅಂದೆ. ಹಳೇ ನೋಟ್‌ಬುಕ್ಕಿನ ಹಿಂದೆ ಸಾಲ ತೆಗೆದು ತೆಗೆದು ಕಳೆದಳು. 1932053504. ಒಂದಂಕಿಯೂ ಆಚೀಚೆ ಇಲ್ಲ. ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡಿದಳು.

ಇಂಟ್ ಅಂದರೆ 32 ಬಿಟ್ ಅಂತ ಒಂಬತ್ತನೇ ಕ್ಲಾಸಿನಲ್ಲೇ ಅವಳಿಗೆ ಬಾಯಿಪಾಠ ಆಗಿತ್ತು. ಒಂದು ಮಾರ್ಕಿನ ಪ್ರಶ್ನೆ ಅದು. ಆ 32ಕ್ಕೂ ಕಾಣೆಯಾದ ಸೊನ್ನೆಗೂ ಸಂಬಂಧ ಇದೆ ಅಂತ ಯಾರೂ ಹೇಳಿರಲಿಲ್ಲ.

ಆ ಟೀಚರ್ ಕೆಟ್ಟವರಲ್ಲ. ಮೇಜಿನ ಮೇಲೆ ಅಷ್ಟೆತ್ತರ ಫೈಲುಗಳಿದ್ದವು, ಧ್ವನಿ ಕಟ್ಟಿಹೋಗಿತ್ತು. ಪೋರ್ಷನ್ ಮುಗಿಸಬೇಕು, ಇಂಟರ್ನಲ್ ಮಾರ್ಕ್ಸ್ ಹಾಕಬೇಕು. ಆದರೂ "ನಾಳೆ ನೋಡೋಣ" ಅನ್ನಬಹುದಿತ್ತು. ಎರಡೇ ಪದ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಪಿಯುಸಿಯಲ್ಲಿ ನಾವು ಟರ್ಬೊ ಸಿ++ನ ನೀಲಿ ಪರದೆ ಮುಂದೆ ಇದೇ ಪ್ರೋಗ್ರಾಂ ಮಾಡಿದ್ದೆವು. ಅದರಲ್ಲಿ ಇಂಟ್ ಬರೀ 16 ಬಿಟ್, ಅದರಲ್ಲೂ ಅರ್ಧ ಜಾಗ ಮೈನಸ್ ಸಂಖ್ಯೆಗಳಿಗೆ. 8 ಕೊಟ್ಟಿದ್ದರೆ 40320ರ ಬದಲು ಮೈನಸ್ 25216 ಬರುತ್ತಿತ್ತು. ನಾವ್ಯಾರೂ 8 ಕೊಡಲೇ ಇಲ್ಲ. ಎಲ್ಲರ ರೆಕಾರ್ಡಿನಲ್ಲೂ 5, 120. ಸರಿ ಉತ್ತರ ಬರುವ ಸಂಖ್ಯೆಯನ್ನು ಮಾತ್ರ ಕೊಡುವುದನ್ನು ನಾವು ಆಗಲೇ ಕಲಿತುಬಿಟ್ಟಿದ್ದೆವು.

ಹುಡುಗಿಗೆ ಏರಿಯಾನ್ 5 ಕಥೆ ಹೇಳಿದೆ. 1996ರ ಜೂನ್ 4, ಆ ರಾಕೆಟ್ಟಿನ ಮೊದಲ ಹಾರಾಟ. ಮೇಲೇರಿ ನಿಮಿಷ ಕಳೆಯುವ ಮೊದಲೇ ಚೂರಾಯಿತು. 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್ ಜಾಗಕ್ಕೆ ತುರುಕಲು ಹೋಗಿ ಹಾಗಾದದ್ದು. ಆ ಪ್ರೋಗ್ರಾಂ ಹಳೆಯ ಏರಿಯಾನ್ 4ರಿಂದ ಬಂದಿತ್ತು. ಅಲ್ಲಿ ಆ ಸಂಖ್ಯೆ ಅಷ್ಟು ದೊಡ್ಡದಾಗುತ್ತಲೇ ಇರಲಿಲ್ಲ.

"ಅಂದ್ರೆ ಅಲ್ಲಿ ಅವರು 5 ಕೊಡ್ತಿದ್ರು," ಅಂದಳು.

ಇಂಟ್ ತೆಗೆದು 64 ಬಿಟ್‌ನ ಲಾಂಗ್ ಹಾಕಿದಳು. 13 ಸರಿಹೋಯಿತು. ನಾನು ಮಲಗಲು ಎದ್ದೆ. ಅವಳು ಬಿಡಲಿಲ್ಲ. 15, 18, 20, ಎಲ್ಲ ಸರಿ. 21ಕ್ಕೆ ಮೈನಸ್!

"ಚಿಕ್ಕಮ್ಮಾ, ಬನ್ನಿ ಇಲ್ಲಿ!"

ಬೆಳಿಗ್ಗೆ ಅವಳ ಫೈಲ್ ನೋಡಿದೆ. ಔಟ್‌ಪುಟ್ ಬರೆಯುವ ಎಡಗಡೆ ಹಾಳೆಯಲ್ಲಿ 5, 120 ಹಾಗೇ ಇದೆ. ಅದರ ಕೆಳಗೆ 13, 21 ಎರಡನ್ನೂ ಬರೆದು, ಪಕ್ಕದಲ್ಲಿ ಕಳೆಯುವ ಲೆಕ್ಕ ಹಾಕಿದ್ದಾಳೆ. ಸೋಮವಾರ ಅದು ಸಹಿಗೆ ಹೋಗುತ್ತದೆ.