ಅವ್ವನ ಪನ್ನೀರು ಗುಲಾಬಿಗೆ ಹೊಸ ಕುಂಡ

ಈ ಸಲದ ವಿಜಯದಶಮಿಯ ಮಧ್ಯಾಹ್ನ ಮನೆಯವರೆಲ್ಲ ಜಂಬೂ ಸವಾರಿ ನೋಡಲು ಹೊರಟರು. ನಾನು ಹೋಗಲಿಲ್ಲ. ವಿದ್ಯಾರಣ್ಯಪುರಂನ ನಮ್ಮ ಮನೆಯ ಮಹಡಿಯ ಮೇಲೆ ಗೋಣಿಚೀಲ ಹಾಸಿ, ಹಿಂದಿನ ದಿನ ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿಸಿಕೊಂಡಿದ್ದ ಗಿಡದ ಕತ್ತರಿಯನ್ನು ಒರೆಸಿ, ವರ್ಷದಿಂದ ವರ್ಷಕ್ಕೆ ಮುಂದೂಡುತ್ತ ಬಂದಿದ್ದ ಕೆಲಸಕ್ಕೆ ಕೂತೆ. ಅವ್ವನ ಪನ್ನೀರು ಗುಲಾಬಿಯ ಕುಂಡ ಬದಲಾಯಿಸಬೇಕಿತ್ತು.

ಹೊಲಿಗೆ ನನ್ನ ಕಸುಬು. ಹಬ್ಬಕ್ಕೆ ಮೊದಲು ಒಂದು ತಿಂಗಳು ರವಿಕೆಗಳ ರಾಶಿ ಬಿದ್ದಿರುತ್ತದೆ, ಗಿಡಗಳ ಕಡೆ ತಲೆಯೆತ್ತಿ ನೋಡಲೂ ಬಿಡುವಿರುವುದಿಲ್ಲ. ದಸರಾ ಮುಗಿಯಿತೆಂದರೆ ಕೈ ಖಾಲಿ. ಮಳೆಯ ಜೋರು ತಗ್ಗಿ, ಬಿಸಿಲು ಇನ್ನೂ ಹದವಾಗಿರುವ ಆ ದಿನಗಳೇ ನಮ್ಮ ಕಡೆ ಗುಲಾಬಿ ಸವರುವುದಕ್ಕೂ ಕುಂಡ ಬದಲಾಯಿಸುವುದಕ್ಕೂ ಒಳ್ಳೆಯ ಕಾಲ. ಇದು ಗೊತ್ತಿದ್ದೂ ಎಂಟು ದಸರಾಗಳನ್ನು ಹಾಗೇ ದಾಟಿಸಿದ್ದೆ.

ಕಾರಣ ಭಯ. ಈ ಗಿಡದ ತಾಯಿ ಕೆ.ಆರ್. ನಗರದ ಹತ್ತಿರ ನಮ್ಮೂರಿನ ಮನೆಯ ಬಚ್ಚಲ ಪಕ್ಕದಲ್ಲಿತ್ತು. ಸ್ನಾನದ ನೀರು ಹರಿದುಹೋಗುವ ದಾರಿಯಲ್ಲೇ ಬೇರೂರಿ ಆಳೆತ್ತರದ ಪೊದೆಯಾಗಿತ್ತು. ಹಂಡೆ ಒಲೆಯ ಬೂದಿ, ಕೊಟ್ಟಿಗೆ ಗುಡಿಸಿದ ಕಸ ಎಲ್ಲವೂ ಅದರ ಬುಡಕ್ಕೆ. ಯಾರೂ ಅದಕ್ಕೆಂದು ಏನನ್ನೂ ಮಾಡಿದ್ದು ನನಗೆ ನೆನಪಿಲ್ಲ. ಬೆಳಗಿನ ಪೂಜೆಗೆ ಮಾತ್ರ ಒಂದು ಬೊಗಸೆ ಹೂ ಇದ್ದೇ ಇರುತ್ತಿತ್ತು. 2017ರಲ್ಲಿ ಅವ್ವ ಪೆನ್ಸಿಲ್ ದಪ್ಪದ ಒಂದು ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, "ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗು, ಮೇಲೆ ಇಡಬೇಡ" ಎಂದು ಕೊಟ್ಟಿದ್ದಳು. ಮರುವರ್ಷ ಅವಳು ಹೋದಳು. ಮನೆ ಪಾಲಾಗಿ, ಮಾರಿ, ಈಗ ಅಲ್ಲಿ ಯಾರದೋ ಎರಡಂತಸ್ತಿನ ಮನೆ ಇದೆ. ಬಚ್ಚಲೂ ಇಲ್ಲ, ಆ ಪೊದೆಯೂ ಇಲ್ಲ. ಉಳಿದದ್ದು ನನ್ನ ಹತ್ತು ಅಂಗುಲದ ಮಣ್ಣಿನ ಕುಂಡದಲ್ಲಿ ಇದ್ದದ್ದೊಂದೇ.

ಭಯಕ್ಕೆ ಇನ್ನೊಂದು ಕಾರಣವೂ ಇತ್ತು. ಹಿಂದೆ ನರ್ಸರಿಯಿಂದ ತಂದ ಒಂದು ಕೆಂಪು ಗುಲಾಬಿಯನ್ನು ಯುಗಾದಿಯ ಬಿಸಿಲಿನಲ್ಲಿ, ಹೂ ತುಂಬಿಕೊಂಡಿದ್ದಾಗಲೇ ಕಿತ್ತು, ಬೇರಿನ ಮಣ್ಣನ್ನೆಲ್ಲ ಪೈಪಿನ ನೀರಿನಿಂದ ತೊಳೆದು ಬೇರೆ ಕುಂಡಕ್ಕೆ ಹಾಕಿದ್ದೆ. ಒಂದು ವಾರದಲ್ಲಿ ಕಪ್ಪು ಕಡ್ಡಿಯಾಯಿತು. ಆ ಗಿಡದ ನೆನಪಿನಿಂದ ಅವ್ವನ ಗಿಡಕ್ಕೆ ಕೈ ಹಾಕಲು ಧೈರ್ಯ ಬರುತ್ತಿರಲಿಲ್ಲ. ಮುಟ್ಟದೆ ಬಿಟ್ಟರೆ ಕಾಪಾಡಿದಂತೆ ಎಂದುಕೊಂಡಿದ್ದೆ.

ಆದರೆ ಎರಡು ವರ್ಷಗಳಿಂದ ಗಿಡ ಸೊರಗುತ್ತಿತ್ತು. ಅಂಗೈ ತುಂಬುತ್ತಿದ್ದ ಹೂ ನಿಂಬೆಹಣ್ಣಿನಷ್ಟಾಯಿತು. ಎಲೆ ಸಣ್ಣದಾಯಿತು, ಬುಡದ ಕಡ್ಡಿಗಳು ಬೂದು ಬಣ್ಣಕ್ಕೆ ತಿರುಗಿದವು. ಬೆಳಿಗ್ಗೆ ನೀರು ಹಾಕಿದರೆ ನಡು ಮಧ್ಯಾಹ್ನಕ್ಕೇ ಚಿಗುರು ಬಾಗಿರುತ್ತಿತ್ತು. ಬೇವಿನ ಹಿಂಡಿ ಹಾಕಿದೆ, ಬಾಳೆಸಿಪ್ಪೆ ನೆನೆಸಿದ ನೀರು ಹಾಕಿದೆ, ಯಾರೋ ಹೇಳಿದರೆಂದು ಡಿಎಪಿ ಎಂಬ ರಾಸಾಯನಿಕ ಗೊಬ್ಬರದ ಕಾಳು ಹಾಕಿ ಎಲೆಯ ಅಂಚು ಸುಟ್ಟದ್ದೂ ಆಯಿತು. ಕೊನೆಗೆ ಒಂದು ದಿನ ನೀರು ಹಾಕುವಾಗ ಗಮನಿಸಿದೆ: ಒಂದು ಚೊಂಬು ನೀರು ಸುರಿದು ಮುಗಿಯುವ ಮೊದಲೇ ಕೆಳಗಿನ ತೂತಿನಿಂದ ಅಷ್ಟೂ ಹೊರಬರುತ್ತಿತ್ತು. ನೀರು ಕುಂಡದ ಗೋಡೆಗುಂಟ ಇಳಿದು ಹೋಗುತ್ತಿತ್ತು, ನಡುವೆ ನಿಲ್ಲುತ್ತಿರಲಿಲ್ಲ. ಕುಂಡವನ್ನು ಸ್ವಲ್ಪ ವಾಲಿಸಿ ನೋಡಿದರೆ ತೂತಿನಿಂದ ಬೇರುಗಳು ಗಡ್ಡದ ಹಾಗೆ ಹೊರಗೆ ಇಳಿದಿದ್ದವು.

ಬೆಳೆಯುವ ಹುಡುಗಿಯ ಲಂಗ ಹೊಲಿಯುವಾಗ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಮಡಚಿ ಹೊಲಿದಿರುತ್ತೇವೆ, ವರ್ಷಕ್ಕೊಮ್ಮೆ ಬಿಚ್ಚಿ ಇಳಿಸಲೆಂದು. ಕುಂಡದಲ್ಲಿ ಅಂಥ ಮಡಿಕೆ ಇರುವುದಿಲ್ಲ. ನೂರಾರು ಹುಡುಗಿಯರಿಗೆ ಲಂಗ ಇಳಿಸಿಕೊಟ್ಟ ನನಗೆ ಇದು ಹೊಳೆಯಲು ಇಷ್ಟು ದಿನ ಬೇಕಾಯಿತಲ್ಲ ಎಂದು ಆ ದಿನ ತುಂಬಾ ನೋವಾಯಿತು.

ತಯಾರಿ ನಾಲ್ಕು ದಿನ ಮೊದಲೇ ಶುರುವಾಯಿತು. ಹೊಸ ಕುಂಡ ಹದಿನಾಲ್ಕು ಅಂಗುಲದ್ದು, ಮಣ್ಣಿನದೇ. ಇನ್ನೂ ದೊಡ್ಡದು ತರೋಣ ಎಂದರು ಯಜಮಾನರು. ನಾನು ಬೇಡವೆಂದೆ. ಬೇರು ತಲುಪದ ಮಣ್ಣು ನೀರು ಹಿಡಿದುಕೊಂಡು ದಿನಗಟ್ಟಲೆ ಹಸಿಯಾಗಿಯೇ ಇದ್ದುಬಿಡುತ್ತದೆ, ಅಲ್ಲಿಗೆ ಹೋದ ಹೊಸ ಬೇರು ಕೊಳೆಯುತ್ತದೆ. ಸುತ್ತಲೂ ಎರಡು ಅಂಗುಲ ಹೆಚ್ಚಿದ್ದರೆ ಸಾಕು. ಕುಂಡವನ್ನು ಒಂದು ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಟ್ಟೆ. ಹೊಸ ಮಣ್ಣಿನ ಕುಂಡ ಒಣಗಿದ್ದರೆ ಗಿಡಕ್ಕೆ ಹಾಕಿದ ನೀರನ್ನು ತಾನೇ ಕುಡಿದುಬಿಡುತ್ತದೆ. ಮಣ್ಣಿಗೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು, ಎರಡು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಎಲುಬಿನ ಪುಡಿ. ಬರೀ ಕೆಮ್ಮಣ್ಣು ಹಾಕಿದರೆ ಆರು ತಿಂಗಳಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಗೊಬ್ಬರವನ್ನು ಮೂಸಿ ನೋಡಿ ತೆಗೆದುಕೊಳ್ಳಬೇಕು. ಸಗಣಿಯ ವಾಸನೆ ಇನ್ನೂ ಇದ್ದರೆ ಅದು ಹಸಿ, ಬೇರನ್ನು ಸುಡುತ್ತದೆ. ಮೊದಲ ಮಳೆಗೆ ಏಳುವ ನೆಲದ ವಾಸನೆ ಬಂದರೆ ಕಳಿತಿದೆ ಎಂದರ್ಥ.

ಹಿಂದಿನ ದಿನವೇ ಗಿಡಕ್ಕೆ ಚೆನ್ನಾಗಿ ನೀರು ಹಾಕಿದ್ದೆ. ಮುಳ್ಳಿನ ಕೊಂಬೆಗಳನ್ನೆಲ್ಲ ಒಟ್ಟುಗೂಡಿಸಿ ಹಳೆಯ ಸೀರೆಯ ಅಂಚಿನಿಂದ ಸಡಿಲವಾಗಿ ಕಟ್ಟಿದೆ. ಕುಂಡವನ್ನು ಗೋಣಿಯ ಮೇಲೆ ಅಡ್ಡ ಮಲಗಿಸಿ, ಸುತ್ತ ಉರುಳಿಸುತ್ತ ಅಂಗೈಯಿಂದ ತಟ್ಟಿದೆ. ಅಂಚಿಗುಂಟ ಚಾಕು ಆಡಿಸಿದೆ. ಗಿಡ ಅಲುಗಲಿಲ್ಲ. ಬುಡ ಹಿಡಿದು ಎಳೆದರೆ ಬೇರು ಹರಿಯುತ್ತದೆ, ಹಾಗಾಗಿ ಎಳೆಯಲಿಲ್ಲ. ಸುತ್ತಿಗೆಯಿಂದ ಮೂರು ಕಡೆ ಮೆಲ್ಲಗೆ ಬಡಿದು ಕುಂಡವನ್ನೇ ಒಡೆದೆ.

ಚೂರುಗಳನ್ನು ಬಿಡಿಸಿದಾಗ ಕಂಡದ್ದನ್ನು ನಾನು ಮರೆಯುವುದಿಲ್ಲ. ಮಣ್ಣು ಕಾಣಲೇ ಇಲ್ಲ. ಕುಂಡದ ಆಕಾರದಲ್ಲಿ ಬೇರಿನದೇ ಇನ್ನೊಂದು ಕುಂಡ ನಿಂತಿತ್ತು. ಕುಂಬಾರನ ಬೆರಳು ಕುಂಡದ ಒಳಮೈಯಲ್ಲಿ ಎಬ್ಬಿಸಿದ ಸುತ್ತುಗೆರೆಗಳೆಲ್ಲ ಆ ಬೇರಿನ ಮೈಮೇಲೆ ಒಂದೊಂದಾಗಿ ಅಚ್ಚಾಗಿದ್ದವು. ತಳದಲ್ಲಿ ಎಂಟು ವರ್ಷದ ಹಿಂದೆ ನಾನು ತೂತಿನ ಮೇಲೆ ಇಟ್ಟಿದ್ದ ಹೆಂಚಿನ ಚೂರು ಬೇರುಗಳ ಮುಷ್ಟಿಯೊಳಗೆ ಸಿಕ್ಕಿಕೊಂಡಿತ್ತು. ಬೆರಳು ತೂರಿಸಿ ನೋಡಿದರೆ ನಡುವೆ ಟೊಳ್ಳು. ಹಾಕಿದ್ದ ಗೊಬ್ಬರ, ಎಲೆಪುಡಿ ಎಲ್ಲ ಕರಗಿ, ನೀರಿನೊಂದಿಗೆ ತೊಳೆದುಹೋಗಿ, ಉಳಿದದ್ದು ಎರಡು ಹಿಡಿ ಮಣ್ಣು. ನಾನು ಮೇಲಿನಿಂದ ಹಾಕಿದ ಹಿಂಡಿ, ಸಿಪ್ಪೆ ನೀರು ಯಾವುದಕ್ಕೂ ನಿಲ್ಲಲು ನೆಲೆಯೇ ಇರಲಿಲ್ಲ. ಆ ಎರಡು ಹಿಡಿಯಲ್ಲೂ ಗೊಣ್ಣೆಹುಳುಗಳು ಮೂರು, ಕಂದು ತಲೆ, ಕೊಕ್ಕೆಯಂತೆ ಮಡಚಿಕೊಂಡ ಬಿಳಿಯ ಮೈ. ತೆಗೆದು ಹಾಕಿದೆ.

ಆ ಹೊತ್ತಿಗೆ ಅರಮನೆಯ ಕಡೆಯಿಂದ ಕುಶಾಲತೋಪಿನ ಸದ್ದು ಕೇಳತೊಡಗಿತು. 21 ತೋಪು. ಪ್ರತಿ ಸದ್ದಿಗೂ ಕೈ ನಡುಗಿತು. ಎಲ್ಲ ಮುಗಿಯುವವರೆಗೆ ಗಿಡವನ್ನು ಒದ್ದೆ ಗೋಣಿಯಲ್ಲಿ ಮುಚ್ಚಿ ಸುಮ್ಮನೆ ಪಕ್ಕದಲ್ಲಿ ಕೂತಿದ್ದೆ. ಬೇರಿಗೆ ಗಾಳಿ ತಾಗಿ ಒಣಗಬಾರದು.

ಆಮೇಲೆ ಹಳೆಯ ಛತ್ರಿಯ ಕಡ್ಡಿಯಿಂದ, ಸಿಕ್ಕು ಬಿಡಿಸುವ ಹಾಗೆ ಹೊರಗಿನ ಸುತ್ತನ್ನು ಬಿಡಿಸಿದೆ. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದ ಕೆಲಸ ಇದು, ಅವಸರ ಮಾಡಬಾರದದ್ದೂ ಇದೇ. ಯಾವ ಬೇರು ಸತ್ತಿದೆ ಎಂಬುದು ಬೆರಳಿಗೇ ತಿಳಿಯುತ್ತದೆ. ಚಿವುಟಿದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿದರೆ ಸತ್ತದ್ದು. ಗಟ್ಟಿಯಾಗಿ, ತುದಿ ಬೆಳ್ಳಗಿದ್ದರೆ ಜೀವಂತ. ಸತ್ತವನ್ನು ತೆಗೆದೆ, ಕುಂಡದ ತಳದಲ್ಲಿ ಸುರುಳಿ ಸುತ್ತಿದ್ದ ದಪ್ಪ ಬೇರುಗಳನ್ನು ಕತ್ತರಿಸಿದೆ. ಒಟ್ಟು ಕಾಲು ಭಾಗ ಹೋಗಿರಬೇಕು. ನಡುವಿನ ಗಡ್ಡೆಯನ್ನು ಮುಟ್ಟಲಿಲ್ಲ, ತೊಳೆಯಲೂ ಇಲ್ಲ.

ಬೇರು ಕಡಿಮೆಯಾದರೆ ಮೇಲಿನ ಭಾರವೂ ಕಡಿಮೆಯಾಗಬೇಕು, ಇಲ್ಲದಿದ್ದರೆ ಅಷ್ಟೊಂದು ಎಲೆಗೆ ನೀರು ಒದಗಿಸಲು ಆಗುವುದಿಲ್ಲ. ಕೊಂಬೆಗಳನ್ನು ಅರ್ಧಕ್ಕೆ ಸವರಿದೆ. ಒಂದು ಬೂದು ಕಡ್ಡಿಯನ್ನು ಕತ್ತರಿಸಿದಾಗ ಒಳಗಿನ ತಿರುಳು ಕಂದಾಗಿತ್ತು. ಇನ್ನೊಂದು ಅಂಗುಲ ಕೆಳಗೆ ಕತ್ತರಿಸಿದೆ, ಕಂದು. ಇನ್ನೂ ಕೆಳಗೆ, ತಿಳಿಗಂದು. ಬುಡದಿಂದ ಒಂದು ಗೇಣು ಉಳಿದಿದ್ದಾಗ ತಿರುಳು ಕೊಬ್ಬರಿಯಂತೆ ಬೆಳ್ಳಗೆ ಕಂಡಿತು. ಅಲ್ಲಿಗೆ ನಿಲ್ಲಿಸಿ, ಗಾಯಕ್ಕೆ ಬೋರ್ಡೋ ಪೇಸ್ಟ್ (ಮೈಲುತುತ್ತು, ಸುಣ್ಣ ಕಲಸಿದ ಲೇಪ) ಸವರಿದೆ.

ಈ ಪನ್ನೀರು ಗುಲಾಬಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಆ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಗಿಡಗಳಿವೆ. ನನ್ನದು ಎಡ್ವರ್ಡ್ ಗುಲಾಬಿ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಹಿಂದೆ ಬೂರ್ಬೊನ್ ಎಂಬ ಹೆಸರಿತ್ತು. ಅಲ್ಲಿ ಚೀನಾ ಗುಲಾಬಿಗೂ ಡಮಾಸ್ಕ್ ಗುಲಾಬಿಗೂ ಬೆರಕೆಯಾಗಿ ಬಂದ ಬಳಗ ಇದು. ಪರಿಮಳ ಡಮಾಸ್ಕ್‌ನದು, ಮತ್ತೆ ಮತ್ತೆ ಹೂ ಬಿಡುವ ಗುಣ ಚೀನಾ ಗುಲಾಬಿಯದು. ನರ್ಸರಿಗಳಲ್ಲಿ ಬೇರೆ ಗುಲಾಬಿಗಳನ್ನು ಕಸಿ ಕಟ್ಟಲು ಇದರ ಕಾಂಡವನ್ನೇ ಬಳಸುತ್ತಾರೆ, ಅಷ್ಟು ಗಟ್ಟಿ ಜಾತಿ. ಕಸಿ ಗಿಡವಾದರೆ ಕಸಿಯ ಗಂಟು ಮಣ್ಣಿನಿಂದ ಮೇಲಿರುವಂತೆ ನೋಡಿಕೊಳ್ಳಬೇಕು. ಅವ್ವನ ಗಿಡ ಸ್ವಂತ ಬೇರಿನ ಮೇಲೆ ನಿಂತದ್ದು, ಅದಕ್ಕೆ ಆ ಚಿಂತೆ ಇಲ್ಲ.

ಹೊಸ ಕುಂಡವನ್ನು ಮೊದಲೇ ಜಾಗದಲ್ಲಿ ಮೂರು ಇಟ್ಟಿಗೆಗಳ ಮೇಲೆ ಕೂರಿಸಿಕೊಂಡೆ, ತುಂಬಿದ ಮೇಲೆ ಅದನ್ನು ಎತ್ತುವ ಶಕ್ತಿ ನನಗಿಲ್ಲ. ಅದೇ ಹಳೆಯ ಹೆಂಚಿನ ಚೂರನ್ನೇ ತೊಳೆದು ತೂತಿನ ಮೇಲೆ ಇಟ್ಟೆ. ಗಿಡ ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನಿಲ್ಲಿಸಿ, ಬೇರು ಹರಡಿ, ಮಣ್ಣು ತುಂಬುತ್ತ ಕಡ್ಡಿಯಿಂದ ಸಂದುಗಳಿಗೆ ಇಳಿಸಿದೆ. ಮುಷ್ಟಿಯಿಂದ ಗುದ್ದಲಿಲ್ಲ. ನೀರು ನಿಲ್ಲಲು ಮೇಲೆ ಎರಡು ಅಂಗುಲ ಬಿಟ್ಟೆ. ನೀರು ಹಾಕಿದಾಗ ಅದು ಒಂದು ಗಳಿಗೆ ಮೇಲೆ ನಿಂತು, ಗುಳ್ಳೆ ಬಿಡುತ್ತ ನಿಧಾನವಾಗಿ ಇಳಿಯಿತು. ಎಷ್ಟೋ ದಿನದ ಮೇಲೆ ನೋಡಿದ ನೋಟ ಅದು.

ಎದುರಿಗೆ ಗೋಣಿತಾಟು ಕಟ್ಟಿ ಹತ್ತು ದಿನ ನೆರಳು ಮಾಡಿದೆ. ಗೊಬ್ಬರ ಒಂದು ಚಿಟಿಕೆಯೂ ಹಾಕಲಿಲ್ಲ. ಐದನೆಯ ದಿನ ಉಳಿದಿದ್ದ ಎಲೆಗಳು ಹಳದಿಯಾಗಿ ಉದುರಿದವು. ಏಳನೆಯ ದಿನಕ್ಕೆ ಬೋಳು. ರಾತ್ರಿ ಟಾರ್ಚ್ ಹಿಡಿದು ಮಹಡಿ ಹತ್ತಿ, ಕಡ್ಡಿಯನ್ನು ಉಗುರಿನಿಂದ ಸ್ವಲ್ಪ ಕೆರೆದು ಒಳಗೆ ಹಸಿರಿದೆಯೇ ಎಂದು ನೋಡಿಬರುತ್ತಿದ್ದೆ. ಹಸಿರಿತ್ತು. ಹದಿಮೂರನೆಯ ಬೆಳಿಗ್ಗೆ ಬಿಳಿ ತಿರುಳು ಕಂಡಿದ್ದ ಆ ಗೇಣುದ್ದದ ಕಡ್ಡಿಯ ಕಣ್ಣಿನಲ್ಲೇ ಮೊದಲ ಚಿಗುರು, ಅಕ್ಕಿಕಾಳಿನಷ್ಟು, ಕೆಂಪಗೆ. ಯಜಮಾನರನ್ನು ಕೂಗಿ ಕರೆದೆ. ಅವರು ಕನ್ನಡಕ ತಂದು ನೋಡಿ, "ಬಂತಲ್ಲ" ಎಂದರು.

ನವೆಂಬರ್ ಕೊನೆಗೆ ಏಳು ಮೊಗ್ಗು. ಮೊದಲ ಹೂವನ್ನು ಅವ್ವನ ಫೋಟೋಗೆ ಇಟ್ಟೆ. ಮತ್ತೆ ಅಂಗೈ ತುಂಬುವ ಹೂ.

ಸವರಿದ ಕೊಂಬೆಗಳಲ್ಲಿ ಆರೋಗ್ಯವಾಗಿದ್ದ ಏಳು ಕಡ್ಡಿಗಳನ್ನು ಆ ಸಂಜೆಯೇ ಮರಳು ಬೆರೆಸಿದ ಮಣ್ಣಿನಲ್ಲಿ, ಎರಡು ಕಣ್ಣು ಒಳಗೆ ಹೋಗುವಂತೆ ಊರಿದ್ದೆ. ನಾಲ್ಕು ಬಾಡಿದವು, ಮೂರು ಚಿಗುರಿವೆ. ಒಂದು ಮಗಳಿಗೆ. ಒಂದನ್ನು ಇಲ್ಲೇ ಇಟ್ಟುಕೊಳ್ಳುತ್ತೇನೆ. ಇನ್ನೊಂದು ಕೆ.ಆರ್. ನಗರದಲ್ಲಿರುವ ತಮ್ಮನಿಗೆ, ಅವನ ಮನೆಯ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ನೀರು ಹರಿಯುವ ಕಡೆ ಒಂದು ಮೊಳ ನೆಲ ಖಾಲಿ ಇದೆ. ಸಂಕ್ರಾಂತಿಗೆ ಎಳ್ಳು ಬೀರಲು ಹೋಗುವಾಗ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಒಯ್ಯುತ್ತೇನೆ.