ಕಡಲು ದೂರ ಹೋದರೂ ಉಪ್ಪು ಬಿಡಲಿಲ್ಲ

"ಬಂದರು ಎಲ್ರೀ? ಸಮುದ್ರವೇ ಕಾಣ್ತಿಲ್ವಲ್ಲ!" ಕಾರಿನಿಂದ ಇಳಿದ ಕೂಡಲೇ ಹೆಂಡತಿ ಕೇಳಿದಳು. ಸುತ್ತ ಹೊಲ, ಜಾಲಿ ಗಿಡ, ಅಷ್ಟೇ. ಅಹಮದಾಬಾದ್‌ನಿಂದ ಸುಮಾರು 80 ಕಿಲೋಮೀಟರ್ ಬಂದಿದ್ದೆವು. ನದಿಗಳು ಹೂಳು ತಂದು ಸುರಿದೂ ಸುರಿದೂ ಖಂಭಾತ್ ಕೊಲ್ಲಿ, ಸಿಂಧೂ ನಾಗರಿಕತೆಯ ಕಾಲದ ಬಂದರು ಎನ್ನಲಾಗುವ ಈ ಲೋಥಲ್‌ನಿಂದ ಮೈಲುಗಟ್ಟಲೆ ಹಿಂದೆ ಸರಿದಿದೆ.

ನನ್ನನ್ನು ಇಲ್ಲಿಗೆ ಎಳೆದದ್ದು ಪುರಾತತ್ವಜ್ಞ ಶಿಕಾರಿಪುರ ರಂಗನಾಥ ರಾವ್. ಹೆಸರಲ್ಲೇ ನಮ್ಮೂರಿದೆ ನೋಡಿ! 1954ರಲ್ಲಿ ಈ ದಿಬ್ಬ ಬೆಳಕಿಗೆ ಬಂತು, ಮರುವರ್ಷ ಅವರ ನೇತೃತ್ವದಲ್ಲಿ ಅಗೆತ ಶುರುವಾಯಿತು. ಸುಮಾರು 215 ಮೀಟರ್ ಉದ್ದ, 37 ಮೀಟರ್ ಅಗಲದ ಇಟ್ಟಿಗೆ ಕಟ್ಟಿದ ಹೊಂಡವನ್ನು ಅವರು ಹಡಗುಕಟ್ಟೆ, ಅಂದರೆ ಹಡಗು ತಂದು ನಿಲ್ಲಿಸುವ ಜಾಗ ಎಂದರು. ಅಲ್ಲ, ಕೆರೆ ಎಂದವರೂ ಇದ್ದಾರೆ. ಮಳೆನೀರು ನಿಂತಿದ್ದ ಅದು ನನಗೂ ಮೊದಲು ಕೆರೆಯಂತೆಯೇ ಕಂಡಿತು. ಆದರೆ ತಳದ ಮಣ್ಣಿನಲ್ಲಿ ಸಮುದ್ರದ ಸೂಕ್ಷ್ಮಜೀವಿಗಳ ಚಿಪ್ಪು ಸಿಕ್ಕಿದೆ. ನಾನು ರಾವ್ ಅವರ ಪಕ್ಷ!

ಬಗ್ಗಿ ನೋಡಿದರೆ ಇಟ್ಟಿಗೆ ಮೇಲೆಲ್ಲ ಬಿಳಿ ಪುಡಿ. ಉಪ್ಪು. ನೆಲದೊಳಗಿನ ಉಪ್ಪುನೀರು ಇಟ್ಟಿಗೆಯ ಸಣ್ಣ ರಂಧ್ರಗಳಲ್ಲಿ ಮೇಲೇರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಒಳಗೇ ಹರಳುಗಟ್ಟಿ ಉಬ್ಬುತ್ತದೆ. ಇಟ್ಟಿಗೆ ಪದರ ಪದರವಾಗಿ ಉದುರುತ್ತದೆ. ಮಣ್ಣಿನಡಿ ನಾಲ್ಕು ಸಾವಿರ ವರ್ಷ ತಡೆದ ಗೋಡೆಗೆ, ನಾವು ತೆರೆದಿಟ್ಟ ಎಪ್ಪತ್ತು ವರ್ಷ ಜಾಸ್ತಿ ಭಾರವಾಯಿತೇನೋ. ಕೆಲವು ಸಾಲುಗಳು ತೀರಾ ಹೊಸದಾಗಿದ್ದವು, ಹಳೆಯದು ಯಾವುದು ಎಂದು ಗುರುತು ಹಾಕಿದ್ದರೆ ಚೆನ್ನಾಗಿತ್ತು. ನನ್ನ ಕೇಳಿದರೆ, ಕೆಲವು ಭಾಗ ಮತ್ತೆ ಮಣ್ಣು ಮುಚ್ಚಿಡುವುದೇ ಒಳ್ಳೆಯದು. ನೋಡಲು ಬಂದವರಿಗೆ ಬೇಜಾರಾಗುತ್ತದೆ, ನಿಜ.

ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ಏನೂ ಕಟ್ಟುವಂತಿಲ್ಲ, ಆಚೆಗಿನ ಇನ್ನೂರು ಮೀಟರಿಗೆ ಅನುಮತಿ ಬೇಕು. ಉಪ್ಪು ಯಾರ ಅನುಮತಿ ಕೇಳುತ್ತದೆ? ಹತ್ತಿರದಲ್ಲೇ ರಾಷ್ಟ್ರೀಯ ಕಡಲ ಪರಂಪರೆಯ ಭಾರಿ ಸಂಕೀರ್ಣ ಏಳುತ್ತಿದೆ. ಜನ ಬರಲಿ, ಸಂತೋಷ. ಆ ಜನರಲ್ಲಿ ಒಂದಷ್ಟು ಮಂದಿ ಈ ಬಿಳಿ ಪುಡಿಯನ್ನೂ ನೋಡಬೇಕು.

ಮ್ಯೂಸಿಯಂನಲ್ಲಿ ನಾವು ಹೆಚ್ಚು ಹೊತ್ತು ನಿಂತದ್ದು ಮಣ್ಣಿನ ಮುದ್ರೆಗಳ ಮುಂದೆ. ಸರಕಿನ ಗಂಟಿಗೆ ಹಸಿಮಣ್ಣು ಮೆತ್ತಿ ಒತ್ತಿದ ಮುದ್ರೆಗಳು. ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಸರಕೆಲ್ಲ ಹೋಯಿತು, ಮುದ್ರೆಗಳು ಸುಟ್ಟು ಗಟ್ಟಿಯಾಗಿ ಉಳಿದವು. ಅವುಗಳ ಬೆನ್ನಲ್ಲಿ ಹಗ್ಗದ, ಬಟ್ಟೆಯ, ಚಾಪೆಯ ಗುರುತು ಇನ್ನೂ ಇದೆ. "ನಮ್ಮ ಪಾರ್ಸೆಲ್ಲಿಗೆ ಅರಗು ಹಾಕ್ತಿದ್ದ ಹಾಗೇ ಅಲ್ವಾ?" ಎಂದಳು ಇವಳು.

ಹೋಗುವವರು ಶುಕ್ರವಾರ ಬಿಟ್ಟು ಹೋಗಿ. ಅವತ್ತು ಮ್ಯೂಸಿಯಂಗೆ ರಜೆ.